ಟ್ಯಾಬ್ಲೆಟ್‌ಗೆ ಕಾರ್ಡ್ ಚುಚ್ಚುವ ಮುಂಚೆ ಲಾಕ್ ಹಾಕಿ

ಸಿದ್ದಾಪುರ ಕಡೆಯ ತೋಟದವರೊಬ್ಬರು ಹೋದ ಮಳೆಗಾಲದಲ್ಲಿ ಮಡಿಕೇರಿಯ ನನ್ನ ರಿಪೇರಿ ಅಂಗಡಿಗೆ ಬಂದು ಮೇಜಿನ ಮೇಲೆ ಮೂರು ಕಾರ್ಡ್ ಅಡಾಪ್ಟರ್ (ಕ್ಯಾಮೆರಾದ ಮೆಮೊರಿ ಕಾರ್ಡನ್ನು ಟ್ಯಾಬ್ಲೆಟ್‌ಗೆ ಜೋಡಿಸುವ ರೀಡರ್) ಸುರಿದರು. "ಮೂರೂ ದಂಡ, ಒಂದೂ ಓದಲ್ಲ" ಅಂದರು. ಕಾಫಿ ಗಿಡಗಳ ನಡುವೆ ಅವರು ಕ್ಯಾಮೆರಾ ಟ್ರ್ಯಾಪ್ ಕಟ್ಟಿದ್ದಾರೆ. ರಾತ್ರಿ ಆನೆ ಯಾವ ಕಡೆಯಿಂದ ಇಳಿಯಿತು ಎನ್ನುವುದನ್ನು ಬೆಳಿಗ್ಗೆ ಕೆಲಸದವರು ತೋಟಕ್ಕೆ ಇಳಿಯುವ ಮುಂಚೆಯೇ ನೋಡಬೇಕು. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಒಮ್ಮೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಮೇಜಿನ ಕಂಪ್ಯೂಟರ್ ಸುಮ್ನೆ ಕೂತಿರುತ್ತದೆ. ಹಾಗಾಗಿ ಟ್ಯಾಬ್ಲೆಟ್ ಮತ್ತು 300 ರೂಪಾಯಿಯ ಅಡಾಪ್ಟರ್.

ಮೂರನ್ನೂ ನನ್ನ ಟ್ಯಾಬ್ಲೆಟ್‌ಗೆ ಹಾಕಿ ನೋಡಿದೆ. ಎರಡು ಚೆನ್ನಾಗಿಯೇ ಓದಿದವು. "ನಿಮ್ಮ ಟ್ಯಾಬ್ಲೆಟ್ ಕೊಡಿ" ಅಂದೆ. ಬಿದ್ದರೂ ಒಡೆಯಬಾರದು ಎಂದು ದಪ್ಪ ರಬ್ಬರ್ ಕವರ್ ಹಾಕಿದ್ದರು. ಆ ಕವರ್ ಅಡ್ಡ ಬಂದು ಅಡಾಪ್ಟರಿನ ಮೂತಿ ಪೂರ್ತಿ ಒಳಗೆ ಹೋಗುತ್ತಿರಲಿಲ್ಲ, ಒಂದು ಕೂದಲೆಳೆ ಹೊರಗೇ ನಿಲ್ಲುತ್ತಿತ್ತು. ಕವರ್ ಬಿಚ್ಚಿದೆವು, ಆನೆ ಕಂಡಿತು. ಅಡಾಪ್ಟರ್ ಸರಿ ಇಲ್ಲ ಎಂದು ನನ್ನ ಬಳಿ ತರುವವರಲ್ಲಿ ಇದೇ ಕಥೆ ಜಾಸ್ತಿ.

ಮೂರನೆಯದು ಮಾತ್ರ ನಿಜವಾಗಿಯೂ ದಂಡ. ಸಿ ಟೈಪ್ ಕಿಂಡಿಗೆ ಏನಾದರೂ ಚುಚ್ಚಿದಾಗ ಟ್ಯಾಬ್ಲೆಟ್ ಅದರ ಒಂದು ಪಿನ್ನಿನಲ್ಲಿ 5.1 ಕಿಲೋಓಮ್‌ನ ರೆಸಿಸ್ಟರ್ ಇದೆಯೇ ಎಂದು ನೋಡುತ್ತದೆ. ಇದ್ದರೆ ಮಾತ್ರ "ಇದಕ್ಕೆ ನಾನು ಕರೆಂಟ್ ಕೊಡಬೇಕು" ಎಂದು ತಿಳಿಯುತ್ತದೆ. ಬಿಡಿಗಾಸಿನ ಆ ರೆಸಿಸ್ಟರನ್ನೂ ಉಳಿಸಿದವರು ಇದ್ದಾರೆ! ಹಳೆಯ ಮೈಕ್ರೋ ಯುಎಸ್‌ಬಿ ಟ್ಯಾಬ್ಲೆಟ್‌ಗಳಲ್ಲಿ ಇದೇ ಕೆಲಸವನ್ನು ನಾಲ್ಕನೇ ಪಿನ್ ಮಾಡುತ್ತಿತ್ತು. ಅದನ್ನು ಗ್ರೌಂಡ್‌ಗೆ ಸೇರಿಸದ ಓಟಿಜಿ (ಟ್ಯಾಬ್ಲೆಟ್‌ಗೆ ಹೊರಗಿನ ಸಾಧನ ಜೋಡಿಸುವ) ಕೇಬಲ್ ಎಷ್ಟು ಅಲುಗಾಡಿಸಿದರೂ ಪ್ರಯೋಜನವಿಲ್ಲ. ಇಂಥದ್ದನ್ನು ರಿಪೇರಿ ಮಾಡುವುದೂ ದಂಡ, ಬದಲಾಯಿಸಿಕೊಳ್ಳಿ. ಒಪ್ಪೋ, ಒನ್‌ಪ್ಲಸ್‌ನಂತಹ ಕಂಪನಿಗಳ ಕೆಲವು ಸಾಧನಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಓಟಿಜಿ ಆನ್ ಮಾಡಬೇಕು. ಹತ್ತು ನಿಮಿಷ ಬಳಸದೆ ಬಿಟ್ಟರೆ ಅದು ತಾನೇ ಆಫ್ ಆಗುತ್ತದೆ. ನಿನ್ನೆ ಓದಿದ್ದು ಇವತ್ತು ಓದಲಿಲ್ಲ ಎಂದರೆ ಮೊದಲು ಅಲ್ಲಿ ನೋಡಿ.

ದುಬಾರಿ ರೀಡರ್ ಬೇಕಾ? ಅದು ಟ್ಯಾಬ್ಲೆಟ್ ನೋಡಿ ಹೇಳುವ ಮಾತು. ಯುಎಸ್‌ಬಿ 2.0 ಎಂಬ ಹಳೆಯ ತಲೆಮಾರಿನ ಕಿಂಡಿಗೆ ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್. ಕೈಗೆ ಸಿಗುವುದು ಸುಮಾರು 30 ಮೆಗಾಬೈಟ್. ಅಂದರೆ ತುಂಬಿದ 32 ಜಿಬಿ ಕಾರ್ಡ್ ಖಾಲಿ ಮಾಡಲು ಹದಿನೆಂಟು ನಿಮಿಷ, ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು. 2022ರಲ್ಲಿ ಬಂದ ಹತ್ತನೇ ತಲೆಮಾರಿನ ಐಪ್ಯಾಡ್‌ಗೆ ಸಿ ಟೈಪ್ ಕಿಂಡಿ ಇದ್ದರೂ ವೇಗ ಇಷ್ಟೇ. ಅದಕ್ಕೆ ಎರಡು ಸಾವಿರದ ಯುಎಸ್‌ಬಿ 3 ರೀಡರ್ ಕೊಂಡರೆ ಒಂದು ನಿಮಿಷವೂ ಉಳಿಯುವುದಿಲ್ಲ. ವೇಗದ ಸಿ ಟೈಪ್ ಕಿಂಡಿ ಇರುವ ಐಪ್ಯಾಡ್ ಪ್ರೋ ಇದ್ದು, ದಿನವೂ ಮದುವೆ ವಿಡಿಯೋ ಇಳಿಸುವವರಾದರೆ ಆ ಮಾತು ಬೇರೆ.

ಐಪ್ಯಾಡ್ ಇರುವವರಿಗೆ ಇನ್ನೊಂದು ಮಾತು. ಮೊದಲೆಲ್ಲ ಅದು ಕಾರ್ಡಿನಲ್ಲಿ ಕ್ಯಾಮೆರಾ ಫೋಟೋ ತುಂಬುವ ಡಿಸಿಐಎಂ ಫೋಲ್ಡರ್‌ನ ಫೋಟೋ, ವಿಡಿಯೋ ಮಾತ್ರ ನೋಡುತ್ತಿತ್ತು. 2019ರಲ್ಲಿ ಐಪ್ಯಾಡ್ಓಎಸ್ 13 ಬಂದ ಮೇಲೆ ಫೈಲ್ಸ್ ಆ್ಯಪ್‌ನಲ್ಲಿ ಇಡೀ ಕಾರ್ಡ್ ಕಾಣುತ್ತದೆ. ಫೋಟೋಸ್ ಆ್ಯಪ್ ಮೂಲಕ ಇಳಿಸಿಕೊಂಡರೆ ಕೊನೆಗೆ "ಕಾರ್ಡಿನಲ್ಲಿರುವುದನ್ನು ಅಳಿಸಲೇ, ಇಟ್ಟುಕೊಳ್ಳಲೇ" ಎಂದು ಕೇಳುತ್ತದೆ. ಇಟ್ಟುಕೊಳ್ಳಿ. ಯಾವತ್ತೂ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ವಿರಾಜಪೇಟೆ ಕಡೆಯ ಒಂದು ಮದುವೆಯ ಕಾರ್ಡ್ ನನ್ನ ಕೈ ಸೇರಿದ್ದು ಹೀಗೆಯೇ. ಹುಡುಗ ಹೊಸ ಫೋಟೋಗ್ರಾಫರ್. ಗಂಗಾ ಪೂಜೆ ಮುಗಿದ ಕೂಡಲೇ ಮನೆಯವರಿಗೆ ನಾಲ್ಕು ಫೋಟೋ ತೋರಿಸೋಣ ಎಂದು 64 ಜಿಬಿ ಕಾರ್ಡನ್ನು ಒಂದು ಹಳೆಯ ಆಂಡ್ರಾಯ್ಡ್ ಟ್ಯಾಬ್ಲೆಟ್‌ಗೆ ಹಾಕಿದ. 32 ಜಿಬಿಗಿಂತ ದೊಡ್ಡ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ಎಂಬ, ಫೈಲುಗಳನ್ನು ಜೋಡಿಸಿಡುವ ಪದ್ಧತಿಯಲ್ಲಿ ಬರುತ್ತವೆ. ಆ ಟ್ಯಾಬ್ಲೆಟ್‌ಗೆ ಅದು ಬಾರದು. ಬಾರದು ಎಂದು ನೇರವಾಗಿ ಹೇಳುವ ಬದಲು "ಕಾರ್ಡ್ ಕೆಟ್ಟಿದೆ, ಸರಿಪಡಿಸಲು ಇಲ್ಲಿ ಒತ್ತಿ" ಎಂಬ ಧಾಟಿಯಲ್ಲಿ ಹೇಳಿತು. ಹುಡುಗ ಒತ್ತಿದ. ಸರಿಪಡಿಸುವುದು ಅಂದರೆ ಫಾರ್ಮ್ಯಾಟ್ ಅಂತ ಪಾಪ ಅವನಿಗೇನು ಗೊತ್ತು?

ಪುಣ್ಯಕ್ಕೆ ಅವನು ಆಮೇಲೆ ಆ ಕಾರ್ಡಿನಲ್ಲಿ ಒಂದೂ ಫೋಟೋ ತೆಗೆಯಲಿಲ್ಲ. ಇಂಥ ಫಾರ್ಮ್ಯಾಟ್ ಸಾಮಾನ್ಯವಾಗಿ ಪುಸ್ತಕದ ಪರಿವಿಡಿಯನ್ನು ಹರಿದಂತೆ. ಒಳಗಿನ ಪುಟಗಳು ಅಲ್ಲೇ ಇರುತ್ತವೆ, ಮೇಲೆ ಹೊಸದು ಬರೆಯುವ ತನಕ. ಫೋಟೋರೆಕ್ ಎಂಬ ಉಚಿತ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ರಾತ್ರಿಯಿಡೀ ಓಡಿಸಿದೆ. ಕುಪ್ಯ ಚೇಲೆ ಎಂಬ ಕೊಡವರ ಉಡುಪು ತೊಟ್ಟ ಮದುಮಗ ಬೆಳಿಗ್ಗೆ ವಾಪಸ್ ಬಂದ. ಫೈಲುಗಳ ಹೆಸರೆಲ್ಲ ಹೋಗಿ ಬರೀ ನಂಬರ್ ಉಳಿದಿತ್ತು, ಅಷ್ಟೇ.

ಅದಾದ ಮೇಲೆ ನಾನು ಎಲ್ಲರಿಗೂ ಹೇಳುವುದು ಒಂದೇ. ಎಸ್‌ಡಿ ಕಾರ್ಡಿನ ಎಡ ಅಂಚಿನಲ್ಲಿ ಚಿಕ್ಕ ಪ್ಲಾಸ್ಟಿಕ್ ಗುಬುಟು ಇದೆಯಲ್ವಾ, ಅದನ್ನು ಕೆಳಕ್ಕೆ ಜಾರಿಸಿ, ಆಮೇಲೆ ಅಡಾಪ್ಟರಿಗೆ ಹಾಕಿ. ಆಗ ಓದಬಹುದು, ಅಳಿಸಲು ಆಗುವುದಿಲ್ಲ. ಮೈಕ್ರೋ ಎಸ್‌ಡಿಯಲ್ಲಿ ಈ ಲಾಕ್ ಇಲ್ಲ. ಅದನ್ನು ಕೂರಿಸುವ ದೊಡ್ಡ ಕಾರ್ಡಿನ ಚೌಕಟ್ಟಿನಲ್ಲಿ ಇರುತ್ತದೆ. ಆದರೆ ಈ ಲಾಕ್ ಬರೀ ಒಂದು ಗುರುತು, ಕಾರ್ಡಿನ ಒಳಗೆ ಯಾವ ಬೀಗವೂ ಬೀಳುವುದಿಲ್ಲ. ಗುರುತನ್ನು ನೋಡಿ ಮರ್ಯಾದೆ ಕೊಡಬೇಕಾದದ್ದು ರೀಡರ್. ತೀರಾ ಅಗ್ಗದ ಕೆಲವು ರೀಡರ್‌ಗಳು ನೋಡುವುದೇ ಇಲ್ಲ. ಹೊಸ ಅಡಾಪ್ಟರ್ ಕೊಂಡ ದಿನವೇ ಬೇಡದ ಒಂದು ಫೋಟೋ ಇಟ್ಟು, ಲಾಕ್ ಹಾಕಿ, ಅಳಿಸಲು ನೋಡಿ. ಅಳಿದರೆ ಆ ಅಡಾಪ್ಟರನ್ನು ಮುಖ್ಯ ಕೆಲಸಕ್ಕೆ ಬಳಸಬೇಡಿ. ಕೆಲವು ಟ್ಯಾಬ್ಲೆಟ್‌ಗಳು ಲಾಕ್ ಇರುವ ಕಾರ್ಡನ್ನು ತೆರೆಯುವುದೇ ಇಲ್ಲ. ಅಲ್ಲಿ ಬೇರೆ ದಾರಿಯಿಲ್ಲ, ಕೈ ಹಿಡಿತದಲ್ಲಿಟ್ಟುಕೊಂಡು ನಕಲು ಮಾಡಿಕೊಳ್ಳಬೇಕು. ನಕಲು ಅಂದರೆ ಕಾಪಿ, ಮೂವ್ ಅಲ್ಲ. ಕಾರ್ಡ್ ಖಾಲಿ ಮಾಡುವ ಕೆಲಸ ಕ್ಯಾಮೆರಾದ್ದು, ಅದರ ಮೆನುವಿನಲ್ಲೇ ಫಾರ್ಮ್ಯಾಟ್ ಮಾಡಿ.

ಸಿದ್ದಾಪುರದವರು ಈಗ ರಬ್ಬರ್ ಕವರಿನ ಕಿಂಡಿಯನ್ನು ಬ್ಲೇಡಿನಿಂದ ಅಗಲ ಮಾಡಿಕೊಂಡಿದ್ದಾರೆ. ಮಳೆಯಲ್ಲಿ ತೋಟದಿಂದ ತಂದ ಕಾರ್ಡನ್ನು ಒದ್ದೆ ಕೈಯಲ್ಲಿ ಮುಟ್ಟುವುದಿಲ್ಲ, ಹತ್ತಿ ಬಟ್ಟೆಯಲ್ಲಿ ಒರೆಸಿ ಸ್ವಲ್ಪ ಹೊತ್ತು ಬಿಟ್ಟು ಹಾಕುತ್ತಾರೆ. ಲಾಕ್ ಯಾವ ಕಡೆ ಎಂದು ಮುಂಜಾನೆಯ ಮಬ್ಬಿನಲ್ಲಿ ಕಾಣುವುದಿಲ್ಲ ಎಂದು ಹೆಂಡತಿಯ ನೇಲ್ ಪಾಲಿಶ್ ತೆಗೆದುಕೊಂಡು ಕೆಂಪು ಚುಕ್ಕಿ ಇಟ್ಟಿದ್ದಾರೆ. ನನಗೆ ಇದು ಹೊಳೆದಿರಲಿಲ್ಲ. ಈಗ ನನ್ನ ಕಾರ್ಡ್‌ಗಳಿಗೂ ಇಟ್ಟಿದ್ದೇನೆ.