ಸ್ಕ್ರಬ್‌ನಲ್ಲಿರುವ ನೀಲಿ ಕಾಳು ಪ್ಲಾಸ್ಟಿಕ್ಕಾ?

ಪ್ರಶ್ನೆ: ಸೂಪರ್ ಮಾರ್ಕೆಟ್ ಕಡೆ ಒಂದು ಫೇಸ್ ಸ್ಕ್ರಬ್ ತಗೊಂಡೀನ್ರಿ. ಉಜ್ಜಿದ್ರ ರವಾದಂಥ ನೀಲಿ ಕಾಳು ಕೈಗೆ ಹತ್ತತಾವ. ಅವು ಪ್ಲಾಸ್ಟಿಕ್ ಏನ್ರಿ? ಮನ್ಯಾಗ ಹೆಂಗ ತಿಳಕೋಬೇಕು?
(ಓದುಗರು, ಕಲಬುರಗಿ)

ಮನೆಯಲ್ಲೇ ನೋಡಬಹುದು. ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ಚಮಚ ಸ್ಕ್ರಬ್ ಕಲಸಿ, ಹಳೆಯ ತೆಳು ಬಟ್ಟೆಯಲ್ಲಿ ಸೋಸಿ. ಉಳಿದದ್ದನ್ನು ನೊರೆ ಹೋಗುವ ತನಕ ತೊಳೆಯಿರಿ. ಸಕ್ಕರೆ, ಉಪ್ಪಿನ ಸ್ಕ್ರಬ್ ಆಗಿದ್ದರೆ ಬಟ್ಟೆಯ ಮೇಲೆ ಏನೂ ಇರುವುದಿಲ್ಲ. ಅಕ್ರೋಟ್ ಚಿಪ್ಪಿನ ಪುಡಿಯಾದರೆ ಕಂದು ಬಣ್ಣ, ಚೂರಿಗೊಂದು ಆಕಾರ. ಕಾಳು ದುಂಡಗಿದ್ದು, ನೀರಿಗೆ ಹಾಕಿದಾಗ ತೇಲಿದರೆ ಅನುಮಾನ ಪಡಿ. ಇಂಥ ಕಾಳಿಗೆ ಜಾಸ್ತಿ ಬಳಸುವ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ನೀರಿಗಿಂತ ಹಗುರ. ಮೇಣದ ಕಾಳೂ ತೇಲುತ್ತೆ, ಆದರೆ ಕುದಿಯುವ ನೀರಲ್ಲಿ ಕರಗಿ ಎಣ್ಣೆ ಹನಿಯಾಗಿ ಹರಡುತ್ತೆ.

ಆಮೇಲೆ ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದಿ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್, ನೈಲಾನ್-12 ಎಂದಿದ್ದರೆ ಅದು ಪ್ಲಾಸ್ಟಿಕ್ಕೇ. ಪಾಲಿಎಥಿಲೀನ್ ಗ್ಲೈಕಾಲ್ ಅಂತ ಕಂಡರೆ ಗಾಬರಿ ಬೇಡ. ಅದು ನೀರಲ್ಲಿ ಕರಗುವ ಬೇರೆ ವಸ್ತು. ಮಕ್ಕಳು ಹಬ್ಬಕ್ಕೆ ಹಚ್ಚಿಕೊಳ್ಳುವ ಮಿಂಚು ಪುಡಿಯನ್ನೂ ನೋಡಿ, ಹೆಚ್ಚಿನವು ಪ್ಲಾಸ್ಟಿಕ್ ಹಾಳೆಯ ಚೂರು.

5 ಮಿಲಿಮೀಟರ್‌ಗಿಂತ ಚಿಕ್ಕ ಪ್ಲಾಸ್ಟಿಕ್ಕಿಗೆ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ತೊಳೆದು ಬಿಡುವ ಸೌಂದರ್ಯ ಸಾಮಗ್ರಿಗಳಲ್ಲಿ ಇಂಥ ಕಾಳು ಹಾಕಬಾರದೆಂದು ಅಮೆರಿಕ 2015ರಲ್ಲೇ ಕಾನೂನು ಮಾಡಿತು. ಸರಕಿನ ಗುಣಮಟ್ಟ ನಿಗದಿ ಮಾಡುವ ನಮ್ಮ ದೇಶದ ಸಂಸ್ಥೆ ಬಿಐಎಸ್ 2017ರಲ್ಲಿ ಇವನ್ನು ಅಸುರಕ್ಷಿತ ಎಂದು ಗುರುತಿಸಿತು. ಆದರೂ ಹಳೆಯ ಸರಕು, ಹೆಸರಿಲ್ಲದ ಸರಕು ಅಂಗಡಿಯಲ್ಲಿ ಸಿಗಬಹುದು. ಅದಕ್ಕೇ ಓದಿ ಕೊಳ್ಳಿ ಅನ್ನೋದು.

ಇಷ್ಟು ದಪ್ಪ ಕಾಳು ಚರ್ಮದೊಳಗೆ ಇಳಿಯುವುದಿಲ್ಲ. ನನ್ನ ಚಿಂತೆ ಮೋರಿಯದು. ಕೊಳಚೆ ನೀರು ಶುದ್ಧ ಮಾಡುವ ಘಟಕ ಬಹಳಷ್ಟನ್ನು ಹಿಡಿಯುತ್ತೆ, ಎಲ್ಲವನ್ನೂ ಅಲ್ಲ. ಹಿಡಿದದ್ದೂ ಕೆಸರಿನ ಜೊತೆ ಹೊಲಕ್ಕೆ ಬೀಳಬಹುದು. ನಮ್ಮೂರ ನೀರಿನ ಇಳಿಜಾರು ಭೀಮೆಯ ಕಡೆಗೆ. ಅದೇ ಭೀಮೆ ಮುಂದೆ ಯಾದಗಿರಿಗೆ ಹೋಗುತ್ತಾಳೆ. ಅಲ್ಲಿಯವರೂ ನಮ್ಮವರೇ ಅಲ್ವಾ?

ಮುಖಕ್ಕೆ ಕಡಲೆಹಿಟ್ಟು, ಚಿಟಿಕೆ ಅರಿಶಿನ, ಮೊಸರು ಸಾಕು. ಬಿಸಿಲಲ್ಲಿ ತಿರುಗಿ ಬಂದ ಚರ್ಮಕ್ಕೆ ತಂಪೂ ಹೌದು. ಮನೆಯಲ್ಲಿರುವ ಟ್ಯೂಬನ್ನು ಮಾತ್ರ ಬಚ್ಚಲಿಗೆ ಹಿಂಡಿ ಖಾಲಿ ಮಾಡಬೇಡಿ. ಮುಚ್ಚಳ ಬಿಗಿ ಮಾಡಿ ಒಣ ಕಸಕ್ಕೆ ಹಾಕಿ. ಸೋಸಿದ ಬಟ್ಟೆಯನ್ನೂ ಅದರ ಜೊತೆಗೇ.