ಘಾನಾ 1979: 112 ದಿನಗಳ ಸೇನಾ ಸರ್ಕಾರ

1979ರ ಜೂನ್ 16ರಂದು ಘಾನಾದ ಮಾಜಿ ಸೇನಾಡಳಿತಗಾರ ಇಗ್ನೇಷಿಯಸ್ ಅಚಂಪಾಂಗ್ ಅವರನ್ನು ರಾಜಧಾನಿ ಅಕ್ರಾ ಬಳಿಯ ಟೆಷಿಯಲ್ಲಿ ಗುಂಡಿಟ್ಟು ಕೊಂದರು. ಜೂನ್ 18ರಂದು ಅದೇ ದೇಶದ ಜನ ಸಂಸತ್ತಿಗೂ ಅಧ್ಯಕ್ಷ ಹುದ್ದೆಗೂ ಮತ ಹಾಕಿದರು. ಗುಂಡಿಡಲು ಆದೇಶ ಕೊಟ್ಟವರು, ಚುನಾವಣೆ ನಡೆಯಲು ಬಿಟ್ಟವರು ಇಬ್ಬರೂ ಒಂದೇ ಮಂಡಳಿಯವರು: ಜೂನ್ 4ರಂದು ಕ್ರಾಂತಿ ನಡೆಸಿ ಅಧಿಕಾರ ಹಿಡಿದ ಸೇನಾ ಮಂಡಳಿ.

ಅಚಂಪಾಂಗ್ 1972ರಲ್ಲಿ ಚುನಾಯಿತ ಪ್ರಧಾನಿ ಬುಸಿಯಾರನ್ನು ಕಿತ್ತುಹಾಕಿ ಬಂದವರು. ಅವರ ಕಾಲದಲ್ಲಿ ಕೋಕೋ ಗಡಿಯಾಚೆಗೆ ಕಳ್ಳಸಾಗಣೆಯಾಯಿತು, 1977ರಲ್ಲಿ ಹಣದುಬ್ಬರ ಶೇ. 100 ದಾಟಿತು. ಪಕ್ಷಗಳೇ ಇಲ್ಲದ, ಸೇನೆಗೂ ಪಾಲಿರುವ ಸರ್ಕಾರಕ್ಕಾಗಿ 1978ರ ಮಾರ್ಚ್‌ನಲ್ಲಿ ಜನಮತಗಣನೆ ನಡೆಸಿದರು. ಜುಲೈನಲ್ಲಿ ಸಹೋದ್ಯೋಗಿಗಳೇ ಅವರನ್ನು ಇಳಿಸಿ ಜನರಲ್ ಫ್ರೆಡ್ ಅಕುಫೋ ಅವರನ್ನು ಕೂರಿಸಿದರು. ಅಕುಫೋ ಪಕ್ಷಗಳ ಮೇಲಿನ ನಿಷೇಧ ತೆಗೆದರು, ಚುನಾವಣೆಯ ದಿನವೂ ಗೊತ್ತಾಯಿತು.

ಹಾಗಿದ್ದರೆ ಮತ್ತೊಂದು ಕ್ರಾಂತಿ ಏಕೆ? ತಿಂದವರು ಲೆಕ್ಕ ಕೊಡದೆ ಮನೆಗೆ ಹೋಗುತ್ತಾರೆ ಎಂಬ ಸಿಟ್ಟು ಕೆಳದರ್ಜೆಯ ಸೈನಿಕರಲ್ಲಿ ಕುದಿಯುತ್ತಿತ್ತು. ಮೇ 15ರಂದು ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್ ಜೆರ್ರಿ ರಾಲಿಂಗ್ಸ್ ದಂಗೆ ಎದ್ದು ಸಿಕ್ಕಿಬಿದ್ದರು. ಬಹಿರಂಗವಾಗಿ ನಡೆದ ಸೇನಾ ವಿಚಾರಣೆಯೇ ಅವರನ್ನು ಜನಪ್ರಿಯರನ್ನಾಗಿಸಿತು. ಜೂನ್ 4ರಂದು ಸೈನಿಕರು ಸೆರೆಯಿಂದ ಬಿಡಿಸಿ ತಂದು ನಾಯಕನನ್ನಾಗಿ ಮಾಡಿದಾಗ ಅವರಿಗೆ ವಯಸ್ಸು 31.

ಹೊಸ ಮಂಡಳಿ ತನ್ನ ಕೆಲಸವನ್ನು ‘ಮನೆ ಸ್ವಚ್ಛತೆ’ ಎಂದು ಕರೆದುಕೊಂಡಿತು. ಎಂಟು ಮಂದಿ ಹಿರಿಯ ಅಧಿಕಾರಿಗಳಿಗೆ ಮರಣದಂಡನೆಯಾಯಿತು. ಅವರಲ್ಲಿ ಅಚಂಪಾಂಗ್, ಅಕುಫೋ, ಅಫ್ರಿಫಾ ಸೇರಿ ಮೂವರು ಮಾಜಿ ರಾಷ್ಟ್ರ ಮುಖ್ಯಸ್ಥರು. ಸಿಟ್ಟು ತೋರಿಸಿ ನೈಜೀರಿಯಾ ತೈಲ ನಿಲ್ಲಿಸಿತು. ಜನರಲ್‌ಗಳಿಗಷ್ಟೇ ನಿಂತಿದ್ದರೆ ಒಂದು ಮಾತು. ದುಬಾರಿ ಬೆಲೆಗೆ ಮಾರಿದರೆಂದು ಮಾರುಕಟ್ಟೆಯ ಹೆಂಗಸರನ್ನು ಸಾರ್ವಜನಿಕವಾಗಿ ಥಳಿಸಿದರು, ಆಗಸ್ಟ್‌ನಲ್ಲಿ ಅಕ್ರಾದ ಮಕೋಲಾ ಮಾರುಕಟ್ಟೆಯನ್ನೇ ನೆಲಸಮ ಮಾಡಿದರು. ಸರಕೇ ಇಲ್ಲದ ದೇಶದಲ್ಲಿ ಬೆಲೆ ಏರಿದ್ದಕ್ಕೆ ಬುಟ್ಟಿ ಹೊತ್ತವಳು ಹೊಣೆಯಾದಳು. ಈ ಕ್ರಾಂತಿಯನ್ನು ಹೊಗಳುವವರು ಮಕೋಲಾದ ಮುಂದೆ ತಡವರಿಸಲೇಬೇಕು.

ಇಷ್ಟಾದರೂ ಚುನಾಯಿತರಿಗೆ ಅಧಿಕಾರ ಬಿಡುತ್ತೇವೆಂದು ಕೊಟ್ಟ ಮಾತಿಗೆ ಮಂಡಳಿ ತಪ್ಪಲಿಲ್ಲ. ಅಧ್ಯಕ್ಷ ಚುನಾವಣೆಯ ಜುಲೈ 9ರ ಎರಡನೇ ಸುತ್ತಿನಲ್ಲಿ ಹಿಲ್ಲಾ ಲಿಮಾನ್ ಗೆದ್ದರು, ಜೂನ್ 4ರಿಂದ 112 ದಿನ ಕಳೆದ ಮೇಲೆ, ಸೆಪ್ಟೆಂಬರ್ 24ರಂದು ಅಧಿಕಾರ ಅವರ ಕೈಸೇರಿತು. ಆದರೆ ಕೊಟ್ಟದ್ದು ಷರತ್ತಿನ ಮೇಲೆ: ಮಂಡಳಿಯ ಯಾವ ಕ್ರಮವನ್ನೂ ನ್ಯಾಯಾಲಯ ಪ್ರಶ್ನಿಸುವಂತಿಲ್ಲವೆಂದು ಸಂವಿಧಾನದಲ್ಲೇ ಬರೆಸಲಾಗಿತ್ತು. ಲಿಮಾನ್ ರಾಲಿಂಗ್ಸ್‌ರನ್ನು ಸೇನೆಯಿಂದ ನಿವೃತ್ತಿಗೊಳಿಸಿದರು. ಬ್ಯಾರಕ್ಕುಗಳಲ್ಲಿ ಆತನಿಗಿದ್ದ ಹಿಡಿತ ಅದರಿಂದ ಸಡಿಲವಾಗಲಿಲ್ಲ.

1981ರ ಡಿಸೆಂಬರ್ 31ರಂದು ರಾಲಿಂಗ್ಸ್ ಮರಳಿ ಬಂದರು. ಈ ಬಾರಿ ಹೊರಡುವ ಅವಸರವಿರಲಿಲ್ಲ. 1992ರ ಚುನಾವಣೆಯವರೆಗೆ ಸೇನಾಡಳಿತ, ಆಮೇಲೆ ಚುನಾಯಿತ ಅಧ್ಯಕ್ಷರಾಗಿ ಎರಡು ಅವಧಿ. 2001ರ ಜನವರಿಯಲ್ಲಿ ವಿರೋಧ ಪಕ್ಷದ ಜಾನ್ ಕುಫೂರ್ ಅವರಿಗೆ ಕುರ್ಚಿ ಬಿಟ್ಟುಕೊಟ್ಟರು. ಆ 112 ದಿನಗಳನ್ನು ಕೋರ್ಟಿಗೆ ಎಳೆಯದಂತೆ ತಡೆಯುವ ಕಲಮು 1992ರ ಸಂವಿಧಾನದಲ್ಲೂ ಸೇರಿತು.