ಜೇನು ಪೆಟ್ಟಿಗೆಯೊಳಗಿನ ಬೂದು ಪತಂಗ ಯಾವುದು?

ಪ್ರಶ್ನೆ: ತುಡುವೆ ಜೇನಿನ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಸಂದಿಯಿಂದ ಬೂದು ಬಣ್ಣದ ಪತಂಗವೊಂದು ಓಡಿತು. ಅಡಿಮಣೆ ಮೇಲೆ ಬಿಳಿ ಹುಳುಗಳೂ ಇದ್ದವು. ಇದು ಯಾವ ಜಾತಿ?

ಉತ್ತರ: ಮೇಣದ ಪತಂಗವೇ ಇರಬೇಕು. ಆದರೆ ಅದರಲ್ಲಿ ಎರಡು ಜಾತಿ. ದೊಡ್ಡದರ ಹೆಸರು ಗ್ಯಾಲೇರಿಯಾ ಮೆಲೊನೆಲ್ಲಾ, ಚಿಕ್ಕದು ಅಕ್ರೋಯಿಯಾ ಗ್ರಿಸೆಲ್ಲಾ.

ಪತಂಗ ಕೈಗೆ ಸಿಕ್ಕರೆ ಮೊದಲು ತಲೆ ನೋಡಿ. ತಲೆ ಹಳದಿಯಾಗಿದ್ದು, ಮೈ ಬೆಳ್ಳಿಯಂತೆ ಹೊಳೆಯುವ ಬೂದು ಬಣ್ಣದ್ದಾಗಿದ್ದರೆ ಅದು ಚಿಕ್ಕದು. ದೊಡ್ಡದು ಸುಮಾರು 15 ಮಿಲಿಮೀಟರ್ ಉದ್ದ, ಬೂದುಗಂದು ಬಣ್ಣ. ಕೂತಾಗ ರೆಕ್ಕೆಯನ್ನು ಮನೆಯ ಮಾಡಿನಂತೆ ಇಳಿಬಿಟ್ಟಿರುತ್ತದೆ.

ಬಿಳಿ ಹುಳುಗಳು ಪತಂಗದ ಮರಿಗಳು. ಅವನ್ನು ನೋಡಿ ಜಾತಿ ಹೇಳುವುದು ಕಷ್ಟ. ದೊಡ್ಡ ಜಾತಿಯ ಎಳೆ ಹುಳುವೂ ಚಿಕ್ಕದರ ಬಲಿತ ಹುಳುವೂ ಒಂದೇ ತರ ಕಾಣುತ್ತವೆ. ಬಲಿತದ್ದು 25 ಮಿಲಿಮೀಟರ್ ದಾಟಿದ್ದರೆ ಮಾತ್ರ ದೊಡ್ಡದು ಅನ್ನಬಹುದು. ಅದಕ್ಕಿಂತ ಒಳ್ಳೆಯ ಗುರುತು ಪೆಟ್ಟಿಗೆಯ ಮರದಲ್ಲಿದೆ. ದೊಡ್ಡ ಜಾತಿಯ ಹುಳು ಗೂಡು ಕಟ್ಟುವ ಮುಂಚೆ ಚೌಕಟ್ಟನ್ನೇ ಕೊರೆದು, ಪುಟ್ಟ ದೋಣಿಯಂಥ ಗುಳಿ ಮಾಡಿರುತ್ತದೆ. ಖಾಲಿ ಪೆಟ್ಟಿಗೆಯಲ್ಲೂ ಈ ಗುರುತು ಉಳಿದಿರುತ್ತದೆ.

ಅಂದಹಾಗೆ, ಪತಂಗವನ್ನು ಹೊಡೆದು ಸಮಾಧಾನ ಪಡುವವರೇ ಜಾಸ್ತಿ. ಅದು ಏನನ್ನೂ ತಿನ್ನುವುದಿಲ್ಲ! ತಿನ್ನುವುದೆಲ್ಲ ಹುಳು. ಅದಕ್ಕೂ ಬರೀ ಮೇಣ ಸಾಲದು. ಮರಿ ಬೆಳೆದ ಹಳೆಯ ಕಪ್ಪು ಎರಿಯಲ್ಲಿ (ಜೇನುನೊಣ ಕಟ್ಟಿದ ಮೇಣದ ಹಲ್ಲೆ) ಪರಾಗ ಇರುತ್ತದೆ, ಜೇನುಮರಿಗಳು ಕಳಚಿದ ಪೊರೆ ಇರುತ್ತದೆ. ಹುಳುವಿಗೆ ಅದೇ ಪುಷ್ಟಿ. ಹಾಗಾಗಿ ಜೇನುಮರಿಗಳು ಬೆಳೆಯುವ ಕೆಳಗಿನ ಸಂಸಾರ ಕೋಣೆಯ ಎರಿ ಬಲೆ ಕಟ್ಟಿಕೊಂಡು ಪುಡಿಯಾಗುತ್ತಿದ್ದರೂ, ಮೇಲಿನ ಜೇನು ಕೋಣೆಯ ಹೊಸ ಬಿಳಿ ಎರಿ ಎಷ್ಟೋ ಸಲ ಹಾಗೇ ಉಳಿದಿರುತ್ತದೆ.

ಮಾಡಬೇಕಾದ್ದು ಎರಡೂ ಜಾತಿಗೆ ಒಂದೇ. ಜೇನುನೊಣ ತುಂಬಿರುವ ಪೆಟ್ಟಿಗೆಯಲ್ಲಿ ಈ ಹುಳು ತಳ ಊರುವುದು ಕಷ್ಟ, ನೊಣಗಳೇ ಎಳೆದು ಹಾಕುತ್ತವೆ. ಮಳೆಗಾಲದಲ್ಲಿ ಕುಟುಂಬ ಸೊರಗಿದಾಗ ನೊಣ ಕೂರದ ಎರಿಗಳನ್ನು ತೆಗೆದುಬಿಡಿ, ಅಡಿಮಣೆಯ ಕಸ ಗುಡಿಸಿ. ಸುಮ್ನೆ ಬಿಟ್ಟರೆ ತುಡುವೆ ನೊಣಗಳು ಪೆಟ್ಟಿಗೆಯನ್ನೇ ಬಿಟ್ಟು ಹಾರಿಹೋಗುತ್ತವೆ. ತೆಗೆದ ಎರಿ ಮತ್ತೆ ಬೇಕಿದ್ದರೆ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ, ಮೊಟ್ಟೆಯೂ ಸಾಯುತ್ತದೆ.

ನೀವು ಕಂಡದ್ದು ಅಂಗೈ ಅಗಲದ ಪತಂಗವಾಗಿದ್ದು, ಬೆನ್ನ ಮೇಲೆ ತಲೆಬುರುಡೆಯಂಥ ಗುರುತಿದ್ದರೆ ಕಥೆಯೇ ಬೇರೆ. ಅದು ರಾತ್ರಿ ಜೇನು ಕುಡಿಯಲು ನುಗ್ಗುವ ಕಳ್ಳ. ಎರಿ ಕೊರೆಯುವುದಿಲ್ಲ, ಮುಟ್ಟಿದರೆ ಕೀಚ್ ಅಂತ ಕೂಗುತ್ತದೆ.